ಲೋಕ ಮುಳುಗಲು ಹದಿನಾಲ್ಕು ನಿಮಿಷ ಇದ್ದಾಗ ನಮ್ಮ ಮಾವ

ನಮ್ಮ ಮಾವನ ಬಗ್ಗೆ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಮ್ಮನ ತಮ್ಮ. ವಯಸ್ಸು ನಲವತ್ತೊಂಬತ್ತು, ಕಸುಬು ಗಡಿಯಾರ ರಿಪೇರಿ, ಮದುವೆ ಆಗಿರಲಿಲ್ಲ. ಇಪ್ಪತ್ತೈದು ವರ್ಷ ಎಡಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಕಣ್ಣು ಅರ್ಧ ಮುಚ್ಚಿದ ಹಾಗೇ ನಿಂತುಬಿಟ್ಟಿದೆ. ಹೊಸದಾಗಿ ಬಂದವರು, ಮಾವ ತಮಗೆ ಕಣ್ಣು ಹೊಡೆದರು ಅಂತ ಗಾಬರಿಯಾಗುತ್ತಾರೆ. ಪಾಪ, ಜನ್ಮದಲ್ಲಿ ಯಾರಿಗೂ ಕಣ್ಣು ಹೊಡೆದವರಲ್ಲ.

ಅಂಗಡಿ ಇರುವುದು ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ. ಕಿಟಕಿ ಇಲ್ಲ, ಹಗಲಲ್ಲೂ ದೀಪ ಬೇಕು. ಗೋಡೆಯ ತುಂಬ ಮೂವತ್ತು ಗಡಿಯಾರ. ಮಾವನದು ಎರಡೇ ನಿಯಮ. ರಿಪೇರಿ ಆದದ್ದು ಏನೇ ಇರಲಿ, ಏಳು ದಿನ ಅಂಗಡಿಯಲ್ಲಿ ನಿಲ್ಲದೆ ಓಡಿ ತೋರಿಸಬೇಕು. ಆಮೇಲೆ ಚೀಟಿ ತಂದವರಿಗೆ ಕೊಡುವುದು. ಅತ್ತರೂ ಕರೆದರೂ ಆರನೇ ದಿನ ಕೊಡುವುದಿಲ್ಲ. ಎರಡನೆಯದು, ಯಾವ ಎರಡು ಗಡಿಯಾರಕ್ಕೂ ಒಂದೇ ಸಮಯ ಇಡುವುದಿಲ್ಲ. ಎಲ್ಲಾ ಒಟ್ಟಿಗೆ ಬಾರಿಸಿದರೆ ಯಾವುದಕ್ಕೆ ಕೆಮ್ಮು, ಯಾವುದಕ್ಕೆ ದಮ್ಮು ಅಂತ ಹೇಗೆ ತಿಳಿಯಬೇಕು? ಹಾಗಾಗಿ ಅಲ್ಲಿ ಹತ್ತು ಗಂಟೆ ಅನ್ನುವುದು ಒಂಬತ್ತೂ ಮುಕ್ಕಾಲಕ್ಕೆ ಶುರುವಾಗಿ ಹತ್ತೂ ಕಾಲಿನವರೆಗೂ ಆಗುತ್ತಲೇ ಇರುತ್ತದೆ. ಸರಿಯಾದ ಸಮಯ ಮಾವನ ಮಣಿಕಟ್ಟಿನ ವಾಚಿನಲ್ಲಿ ಮಾತ್ರ.

ಇನ್ನು ಲೈಬ್ರರಿ ಮೇಡಂ. ಅವರ ಹೆಸರು ಹಿಡಿದು ಕರೆಯುವ ಧೈರ್ಯ ಮಾವನಿಗೆ ಬಂದದ್ದು ಬಹಳ ತಡವಾಗಿ, ಅದಕ್ಕೇ ನಾನೂ ಹೀಗೇ ಕರೆಯುತ್ತೇನೆ. ಪ್ರತಿ ತಿಂಗಳ ಮೊದಲ ಗುರುವಾರ, ಲೈಬ್ರರಿ ತೆರೆಯುವ ಮುಂಚೆ, ಅಂಗಡಿಗೆ ಬರುತ್ತಾರೆ.

"ಮತ್ತೆ ಐದು ನಿಮಿಷ ಹಿಂದೆ ಬಿದ್ದಿದೆ ನೋಡಿ."

ಮಾವ ವಾಚಿನ ಹಿಂಭಾಗ ಬಿಚ್ಚಿ, ಉಫ್ ಅಂತ ಊದಿ, ಮುಚ್ಚುತ್ತಾರೆ. "ಸ್ವಲ್ಪ ಧೂಳಿತ್ತು."

"ನಮ್ಮ ಲೈಬ್ರರೀಲಿ ಧೂಳು ಜಾಸ್ತಿ."

ಅಷ್ಟೇ. ಒಂಬತ್ತು ವರ್ಷ ಇಷ್ಟೇ! ಬರೀ ಊದಿದ್ದು ರಿಪೇರಿ ಅಲ್ಲವಂತೆ, ಹಾಗಾಗಿ ಏಳು ದಿನದ ನಿಯಮವೂ ಇಲ್ಲ. ಆ ವಾಚಿನಷ್ಟು ಆರೋಗ್ಯವಾದ ವಾಚು ಊರಲ್ಲಿ ಇನ್ನೊಂದಿಲ್ಲ ಅಂತ ಮಾವನೇ ಒಮ್ಮೆ ಬಾಯಿಬಿಟ್ಟಿದ್ದರು.

ಹೀಗಿರುವಾಗ ಆ ಸುದ್ದಿ ಬಂತು. ತಂದವನು ಪಕ್ಕದ ಕ್ಷೌರದಂಗಡಿಯವನು. ಅವನು ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಕತ್ತಿ ಕೈಯಲ್ಲಿ ಹಿಡಿದೇ ಪೇಪರ್ ಓದಿ ಹೇಳುವ ಆಸಾಮಿ. ಕೇಳುವವರು ಅಲ್ಲಾಡುವ ಹಾಗಿಲ್ಲ.

"ದೂರದ ಯಾವ್ದೋ ದೇಶ್ದಲ್ಲಿ ನೆಲದ ಕೆಳ್ಗೆ ಮೈಲಿಗಟ್ಲೆ ಸುರಂಗ ಕೊರ್ದಿದ್ದಾರಂತೆ. ಗುರುವಾರ ಬೆಳಿಗ್ಗೆ ನಮ್ ಗಡಿಯಾರದಲ್ಲಿ ಸರಿಯಾಗಿ ಹತ್ತಕ್ಕೆ ಅದ್ರಲ್ಲಿ ಕಣಕ್ಕೆ ಕಣ ಡಿಕ್ಕಿ ಹೊಡೆಸ್ತಾರೆ. ಕಪ್ಪುಕುಳಿ ಹುಟ್ಕೊಂಡು ಭೂಮೀನೇ ಗುಳುಂ ಅಂತ ನುಂಗತ್ತಂತೆ!"

"ದೂರದ ದೇಶ ಅಲ್ವಾ? ನಮಗೇನು?" ಅಂದರು ನೊರೆಯೊಳಗಿಂದ ಬೇಕರಿಯವರು.

"ನುಂಗೋಕೆ ಕೂತ್ಮೇಲೆ ಅರ್ಧ ತಟ್ಟೇಲಿ ಬಿಟ್ಟು ಏಳತ್ತಾ ಅದು?"

ಅದೇ ಪೇಪರಿನ ಏಳನೇ ಪುಟದಲ್ಲಿ ವಿಜ್ಞಾನಿಗಳು, ಹೆದರಬೇಡಿ, ಇದಕ್ಕಿಂತ ದೊಡ್ಡ ಡಿಕ್ಕಿಗಳು ಆಕಾಶದಲ್ಲಿ ದಿನಾ ನಡೆಯುತ್ತವೆ ಅಂತ ವಿವರವಾಗಿ ಬರೆದಿದ್ದರು. ಆದರೆ ಕ್ಷೌರದಂಗಡಿಯಲ್ಲಿ ಮೊದಲ ಪುಟ ಓದಲಿಕ್ಕೆ, ಉಳಿದದ್ದು ಕತ್ತಿ ಒರೆಸಲಿಕ್ಕೆ. ಊರಿನ ಧೈರ್ಯವೆಲ್ಲ ನೊರೆಯ ಜೊತೆ ಬುಟ್ಟಿಗೆ ಹೋಯಿತು.

ಅರ್ಧ ಊರಿಗೆ ಭಯ, ಅರ್ಧ ಊರಿಗೆ ಸಂಭ್ರಮ. ಹಲ್ಲಿನ ಡಾಕ್ಟರ ಹತ್ತಿರ ಗುರುವಾರಕ್ಕೆ ಬರಬೇಕಿದ್ದವರೆಲ್ಲ, ಹೇಗೂ ಹೋಗುವ ಹಲ್ಲು, ಯಾಕೆ ನೋವು ತಿನ್ನಬೇಕು ಅಂತ ತಪ್ಪಿಸಿಕೊಂಡರು. ಬೇಕರಿಯವರು "ಗುರುವಾರ ಹತ್ತರವರೆಗೆ ಮಾತ್ರ" ಅಂತ ಬೋರ್ಡು ಬರೆಸಿದರು. ಇನ್ನು ಕೆಲವರು ಕಪ್ಪು ಕನ್ನಡಕ ಕೊಂಡುಕೊಂಡರು, ನುಂಗುವಾಗ ಚೆನ್ನಾಗಿ ಕಾಣಲಿ ಅಂತ.

ಬುಧವಾರ ಊಟಕ್ಕೆ ಕೂತಾಗ ಅಜ್ಜಿ ಮಗನನ್ನು ನೇರವಾಗಿ ಹಿಡಿದರು.

"ಭೂಮಿ ಹೋದ್ರೆ ಹೋಗ್ಲಿ. ಅಷ್ಟ್ರೊಳಗೆ ಆ ಹುಡುಗಿ ಹತ್ರ ಒಂದ್ ಮಾತು ಕೇಳ್ತೀಯೋ ಇಲ್ವೋ?"

"ಯಾವ ಹುಡುಗಿ?"

"ಅಯ್ಯೋ ನನ್ನಪ್ಪಾ! ಕೆಡದೇ ಇರೋ ವಾಚನ್ನ ಒಂಬತ್ ವರ್ಷದಿಂದ ರಿಪೇರಿ ಮಾಡಿಸ್ತಿದ್ದಾಳಲ್ಲ, ಅವ್ಳು."

ಮಾವ ತಟ್ಟೆ ನೋಡುತ್ತಾ ಬಹಳ ಹೊತ್ತು ಅಗಿದರು. ಆಮೇಲೆ, "ನಾಳೆ ಅವ್ರು ಬರೋ ದಿನ. ಹತ್ತಕ್ಕೆ ಐದು ನಿಮಿಷ ಇರೋವಾಗ ಕೇಳ್ತೀನಿ" ಅಂದರು.

"ಅಷ್ಟ್ಯಾಕೆ ಕಾಯ್ತೀರಾ ಮಾವ? ಬಂದ ತಕ್ಷಣ ಕೇಳಿ" ಅಂದೆ ನಾನು.

"ಇಲ್ಲ ಅಂದ್ಬಿಟ್ರೆ? ಐದು ನಿಮಿಷ ಆದ್ರೆ ಹೇಗೋ ಸಹಿಸ್ಕೋಬಹುದು. ಆಮೇಲೆ ಭೂಮೀನೇ ಇರಲ್ವಲ್ಲ."

ಇಷ್ಟು ಕರಾರುವಾಕ್ಕಾದ ಪ್ರೇಮಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಗುರುವಾರ ಒಂಬತ್ತೂವರೆಗೆ ನಾನು ಅಂಗಡಿಗೆ ಹೋದರೆ ಕಾಲಿಡಲು ಜಾಗ ಇಲ್ಲ. ಸರಿಯಾದ ಹತ್ತು ಗಂಟೆ ನೋಡಲು ಗಡಿಯಾರದಂಗಡಿಗಿಂತ ಒಳ್ಳೆಯ ಜಾಗ ಯಾವುದು ಅಂತ ಊರೆಲ್ಲ ಅಲ್ಲಿಗೇ ಬಂದಿದೆ. ಕ್ಷೌರದವನು ರೇಡಿಯೋ ತಂದಿದ್ದಾನೆ. ಬೇಕರಿಯವರು ಗೋಡೆಗೆ ಒರಗಿ ಬನ್ನು ತಿನ್ನುತ್ತಿದ್ದಾರೆ. ಲೈಬ್ರರಿ ಮೇಡಂ ಗಲ್ಲಾದ ಪಕ್ಕ ಮೂಲೆಯಲ್ಲಿ ಒತ್ತರಿಸಿಕೊಂಡು ನಿಂತಿದ್ದಾರೆ. ಮಾವನ ಮುಖದಲ್ಲಿ ರಕ್ತವೇ ಇಲ್ಲ.

"ಮಾವ, ಈಗ ಸರಿಯಾಗಿ ಎಷ್ಟು ಗಂಟೆ?" ಕಿವಿಯಲ್ಲಿ ಕೇಳಿದೆ.

"ಗೊತ್ತಿಲ್ಲ ಕಣೇ!"

ಬೆಳಿಗ್ಗೆಯಿಂದ ಕೈ ಸುಮ್ಮನಿರದೆ ತಮ್ಮದೇ ವಾಚನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದರಂತೆ. ಮೂರನೇ ಸಲ ಸ್ಪ್ರಿಂಗು ಚಿಮ್ಮಿ ಜನರ ಕಾಲಡಿ ಎಲ್ಲೋ ಹೋಗಿತ್ತು. ಮೂವತ್ತು ಗಡಿಯಾರದ ನಡುವೆ ಸಮಯ ಗೊತ್ತಿಲ್ಲದೆ ಮಾವ ನಿಂತಿದ್ದರು.

ಅಷ್ಟರಲ್ಲಿ ಎಲ್ಲಕ್ಕಿಂತ ಮುಂದೆ ಓಡುವ ಗೂಬೆ ಗಡಿಯಾರ ಹತ್ತು ಬಾರಿಸಿತು.

"ಹತ್ತಾಯ್ತೂ!" ಕ್ಷೌರದವನು ಕಿರುಚಿದ. ಬೇಕರಿಯವರು ಬೆಚ್ಚಿ ಹಿಂದಕ್ಕೆ ಸರಿದರು. ದೀಪದ ಸ್ವಿಚ್ಚು ಅವರ ಬೆನ್ನಿಗೇ ಸಿಕ್ಕಿ ಆರಿಹೋಯಿತು. ಬಾಗಿಲ ತುಂಬ ಜನ, ಒಳಗೆ ಕಗ್ಗತ್ತಲು.

"ನುಂಗ್ತು! ನುಂಗ್ಬಿಡ್ತು!" ಅಂತ ಬೇಕರಿಯವರ ಬನ್ನು ತುಂಬಿದ ಬಾಯಿ.

ಆ ಗದ್ದಲದ ನಡುವೆ ಮಾವನ ದನಿ, ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಕೇಳಿರಲಿಲ್ಲ: "ಮೇಡಂ, ನನ್ನ ಮದ್ವೆ ಆಗ್ತೀರಾ?"

ಯಾರೋ ತಡಕಾಡಿ ದೀಪ ಹಾಕಿದರು. ಭೂಮಿ ಇದ್ದಲ್ಲೇ ಇತ್ತು. ಮಾವ ಎರಡೂ ಕೈಯಲ್ಲಿ ಕ್ಷೌರದವನ ಕೈ ಹಿಡಿದುಕೊಂಡು ನಿಂತಿದ್ದರು.

"ಅಣ್ಣಾ, ನಂಗಾಗ್ಲೇ ಮದ್ವೆ ಆಗಿದೆ" ಅಂದ ಅವನು, ಮೆಲ್ಲಗೆ.

ಮೇಡಂ ತಮ್ಮ ವಾಚು ನೋಡಿಕೊಂಡರು. "ಆ ಗೂಬೆ ಮುಂದಿದೆ. ಈಗಿನ್ನೂ ಒಂಬತ್ತು ನಲವತ್ತಾರು. ಹದಿನಾಲ್ಕು ನಿಮಿಷ ಇದೆ. ಯೋಚ್ನೆ ಮಾಡ್ತೀನಿ."

ಐದು ನಿಮಿಷ ಸಹಿಸಲು ಸಿದ್ಧವಾಗಿದ್ದ ಮನುಷ್ಯನಿಗೆ ಹದಿನಾಲ್ಕು! ಮಾವ ಸ್ಟೂಲಿನ ಮೇಲೆ ಕುಸಿದರು. ಗೋಡೆಯ ಗಡಿಯಾರಗಳು ಒಂದಾದ ಮೇಲೊಂದು ಹತ್ತು ಬಾರಿಸತೊಡಗಿದವು. ಪ್ರತಿ ಸಲವೂ ಜನ ಮೇಡಂ ಕಡೆ ತಿರುಗುವರು. ಬಾಗಿಲ ಹೊರಗಿದ್ದವರು "ಏನಂತೆ, ಏನಂತೆ?" ಅನ್ನುವರು. "ಇನ್ನೂ ಯೋಚ್ನೆ ಮಾಡ್ತಿದ್ದಾರಂತೆ" ಅಂತ ಉತ್ತರ ತಲೆಯಿಂದ ತಲೆಗೆ ದಾಟಿ ಬೀದಿ ಮುಟ್ಟುವುದು. ರೇಡಿಯೋದಲ್ಲಿ ಯಾರೋ ಏನೋ ಹೇಳಲು ಶುರು ಮಾಡಿದರೆ ಕ್ಷೌರದವನು ಅದರ ಕಿವಿ ತಿರುಚಿದ. "ಸುಮ್ನಿರಪ್ಪಾ, ಇಲ್ಲಿ ಮುಖ್ಯವಾದ್ದು ನಡೀತಿದೆ."

ನಿಜವಾದ ಹತ್ತು ಯಾವಾಗ ಆಯಿತೋ, ದೇವರಾಣೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ಗಡಿಯಾರವೂ ಬಾರಿಸಿ ಸುಮ್ಮನಾದ ಮೇಲೆ ಮೇಡಂ ಬಾಯಿಬಿಟ್ಟರು.

"ಒಂದ್ ವಿಷ್ಯ ಹೇಳ್ಬೇಕು. ನನ್ ವಾಚು ಯಾವತ್ತೂ ಹಿಂದೆ ಬಿದ್ದಿಲ್ಲ. ಇಲ್ಲಿಗೆ ಬರೋ ಮುಂಚೆ ಮೂಲೇಲಿ ನಿಂತು ನಾನೇ ಐದು ನಿಮಿಷ ತಿರುಗಿಸ್ಕೊಂಡು ಬರ್ತಿದ್ದೆ. ಇವತ್ತು ಮಾತ್ರ ತಿರುಗಿಸ್ಲಿಲ್ಲ. ಹೇಗೂ ಕೊನೇ ದಿನ, ಸುಳ್ಳು ಯಾಕೆ ಅಂತ."

ಮಾವನ ಬಾಯಿ ತೆರೆದೇ ಇತ್ತು. "ಹಾಗಾದ್ರೆ..."

"ಹಾಗಾದ್ರೆ ಏನಿಲ್ಲ. ಏಳು ದಿನ ಪರೀಕ್ಷೆ ಆಗ್ಲಿ. ದಿನಾ ಸಂಜೆ ಲೈಬ್ರರಿ ಮುಚ್ಚೋ ಹೊತ್ತಿಗೆ ಬನ್ನಿ, ಮನೇವರ್ಗೂ ಮಾತಾಡ್ತಾ ನಡೀಬೇಕು. ಮಧ್ಯ ನಿಂತ್ರೆ ಒಪ್ಕೊಳಲ್ಲ."

"ಆದ್ರೆ ಮೇಡಂ, ಏಳು ದಿನ ಅನ್ನೋದು ರಿಪೇರಿ ಆದ್ಮೇಲೆ ಅಲ್ವಾ..."

"ನೀವು ಸರಿಹೋಗಿದ್ದು ಇವತ್ತೇ ತಾನೆ? ಚೀಟಿ ಬರ್ಕೊಡಿ."

ಮಾವ ಚೀಟಿ ಬರೆದುಕೊಟ್ಟರು.

ಮಧ್ಯಾಹ್ನ ರೇಡಿಯೋ ಹಾಕಿದಾಗ ತಿಳಿಯಿತು, ಆ ಯಂತ್ರದ ಯಾವುದೋ ಒಂದು ಬೆಸುಗೆ ಕೈಕೊಟ್ಟು ಪ್ರಯೋಗವನ್ನೇ ಮುಂದಕ್ಕೆ ಹಾಕಿದ್ದರಂತೆ. ಕಪ್ಪು ಕನ್ನಡಕದವರಿಗೆ ಬೇಜಾರಾಯಿತು. ಮಾವನಿಗೆ ಮಾತ್ರ ಸಿಟ್ಟು. "ಇಷ್ಟು ದೊಡ್ಡ ಕೆಲ್ಸ ಹಿಡ್ದು ಏಳು ದಿನ ಓಡ್ಸಿ ನೋಡ್ಬಾರ್ದಾ?"

ಮೊದಲ ಸಂಜೆ ಮಾವ ದಾರಿಯುದ್ದಕ್ಕೂ ಸ್ಪ್ರಿಂಗುಗಳ ಬಗ್ಗೆ ಮಾತಾಡಿದರಂತೆ. ಎರಡನೇ ಸಂಜೆ ಹಲ್ಲುಚಕ್ರಗಳ ಬಗ್ಗೆ. ಮೂರನೇ ಸಂಜೆ ಸರಕು ಮುಗಿದು ಅರ್ಧ ದಾರಿಯಲ್ಲಿ ನಿಂತೇಹೋದರು. ಮೇಡಂ ಬೆನ್ನಿಗೊಂದು ತಟ್ಟಿದರಂತೆ, ಮತ್ತೆ ಓಡತೊಡಗಿದರು. ಅದನ್ನು ನಿಂತದ್ದು ಅಂತ ಲೆಕ್ಕ ಹಿಡಿಯಬೇಕೋ ಬೇಡವೋ ಅಂತ ಮನೆಯಲ್ಲಿ ಅಜ್ಜಿಗೂ ಅಮ್ಮನಿಗೂ ಏಳನೇ ದಿನದವರೆಗೂ ವಾದ.

ಎಂಟನೇ ದಿನ ಬೆಳಿಗ್ಗೆ ಮೇಡಂ ಅಂಗಡಿಗೆ ಬಂದು ಗಲ್ಲಾದ ಮೇಲೆ ಚೀಟಿ ಇಟ್ಟರು. ಪಕ್ಕದಂಗಡಿಯಲ್ಲಿ ಕತ್ತಿಯ ಸದ್ದು ನಿಂತಿತು.

"ನಂದು ರೆಡೀನಾ?"

ಮಾವ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ರೆಡಿ. ಸ್ವಲ್ಪ ಧೂಳಿತ್ತು, ಅಷ್ಟೇ" ಅಂದರು.

ಅಂದು ಕಣ್ಣು ಹೊಡೆದರು. ನಾನೇ ನೋಡಿದ್ದೇನೆ. ಬಲಗಣ್ಣು.