ಹಬೆಯಕ್ಕ ಕೇಳಿದ ಸಂಬಳ

ಬೀದಿದೀಪಗಳಿನ್ನೂ ಆರಿಲ್ಲ. ಲಾಂಡ್ರಿಯ ಹಿಂಬಾಗಿಲು ತೆರೆದರೆ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಒಳಗೆ, ತಲೆಗೆ ಬಟ್ಟೆ ಬಿಗಿದು ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡ ಹೆಂಗಸೊಬ್ಬರು ಆಸ್ಪತ್ರೆಯಿಂದ ಬಂದ ಒದ್ದೆ ಬೆಡ್‌ಶೀಟುಗಳನ್ನು ಪಟಪಟನೆ ಕೊಡವಿ, ಕಾದ ರೋಲರುಗಳ ನಡುವೆ ಬಿಡುತ್ತಿದ್ದಾರೆ. ಎಲ್ಲರಿಗೂ ಅವರು ಹಬೆಯಕ್ಕ. ಸ್ವಂತ ಹೆಸರು ಹಿಡಿದು ಕರೆದರೆ ಅವರೇ ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಾರೆ.

ರೋಲರಿನ ಆಚೆ ಬದಿಯಲ್ಲಿ ಈಗ ಮಡಚುವ ಮಷೀನಿದೆ. ಹೋದ ವರ್ಷದವರೆಗೆ ಅಲ್ಲಿ ಅವರ ತಂಗಿ ನಿಲ್ಲುತ್ತಿದ್ದಳು.

"ಅವಳ ಬಾಯಿಗೆ ಬೀಗ ಇರ್ಲಿಲ್ಲ. ಬೈಕೊಂಡು, ನಕ್ಕೊಂಡು, ಹಾಡ್ಕೊಂಡು ಹೊತ್ತು ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ. ಮಷೀನು ಕೆಲಸ ಚೆನ್ನಾಗಿ ಮಾಡುತ್ತೆ. ಮಾತಾಡಲ್ಲ, ಅಷ್ಟೇ."

ಹಬೆಯಕ್ಕ ಇಲ್ಲಿಗೆ ಬಂದದ್ದು ಲಾಂಡ್ರಿಯ ದೊಡ್ಡ ಯಜಮಾನರ ಮೀಸೆ ಇನ್ನೂ ಬಿಳಿಯಾಗದ ಕಾಲದಲ್ಲಿ. ತಂದೆ ತೀರಿಕೊಂಡಿದ್ದರು, ತಾಯಿ ಹಾಸಿಗೆ ಹಿಡಿದಿದ್ದರು, ತಂಗಿ ಶಾಲೆಗೆ ಹೋಗುತ್ತಿದ್ದಳು. ಅವರೊಬ್ಬರ ಸಂಬಳದಲ್ಲೇ ಎರಡು ಕೋಣೆಯ ಬಾಡಿಗೆ, ಔಷಧಿ, ತಂಗಿಯ ಫೀಸು ಎಲ್ಲ ನಡೆಯುತ್ತಿತ್ತು. ತಿಂಗಳ ಮೊದಲ ಭಾನುವಾರ ಅಕ್ಕತಂಗಿಯರು ಸಿನಿಮಾ ನೋಡಿ, ಹಾಡು ಗುನುಗುತ್ತಾ ನಡೆದೇ ಮನೆಗೆ ಬರುತ್ತಿದ್ದರು. ಆ ದಿನಗಳ ಮಾತು ಬಂದರೆ ಹಬೆಯಕ್ಕನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಮುಂದೆ ತಂಗಿಗೆ ಮದುವೆಯಾಯಿತು, ಕೆಲವು ವರ್ಷಕ್ಕೆ ಗಂಡ ತೀರಿಕೊಂಡ. ಅಕ್ಕನ ಮನೆಗೆ ಮರಳಿ ಅವಳೂ ಲಾಂಡ್ರಿಗೆ ಸೇರಿದಳು. ಇಬ್ಬರು ದುಡಿದರೂ ತಿಂಗಳ ಕೊನೆ ಮುಟ್ಟುವಷ್ಟರಲ್ಲಿ ಏದುಸಿರು. ಹಬೆಯಕ್ಕ ಸಂಜೆ ಆಫೀಸೊಂದರ ನೆಲ ಒರೆಸುವ ಕೆಲಸವನ್ನೂ ಹಿಡಿದರು.

ಅಷ್ಟರಲ್ಲಿ ಕನಿಷ್ಠ ವೇತನ ಹೆಚ್ಚಿಸುವ ಚರ್ಚೆ ಎದ್ದಿತು. ಸರ್ಕಾರ ಸಮಿತಿ ಮಾಡಿ ಮಾಲೀಕರನ್ನೂ ಕೆಲಸಗಾರರನ್ನೂ ಸಭೆಗೆ ಕರೆಯಿತು. ಲಾಂಡ್ರಿಯವರೆಲ್ಲ ಹಬೆಯಕ್ಕನನ್ನೇ ಮುಂದೆ ತಳ್ಳಿದರು. ಸಭೆಯ ಹಿಂದಿನ ದಿನ ದೊಡ್ಡ ಯಜಮಾನರ ಮಗ, ಈಗ ಲಾಂಡ್ರಿ ನಡೆಸುವ ಚಿಕ್ಕ ಯಜಮಾನ, ಅವರನ್ನು ಪಕ್ಕಕ್ಕೆ ಕರೆದ. ತೊಟ್ಟಿಲ ಕೂಸಾಗಿದ್ದಾಗ ಬಿಸಿ ಬಟ್ಟೆಯ ಬುಟ್ಟಿಯಲ್ಲಿ ಹಬೆಯಕ್ಕ ತಟ್ಟಿ ಮಲಗಿಸಿದವನು.

"ಅಕ್ಕಾ, ನೀನು ಹೇಳಿದ್ರೆ ನಂಬ್ತಾರೆ. ಇರೋದೇ ಸಾಕು ಅಂದ್ಬಿಡು. ಬಾಯ್ಲರ್ ಸಾಲವೇ ಕುತ್ತಿಗೆಗೆ ಬಂದಿದೆ. ಸಂಬಳ ಏರಿದ್ರೆ ಮಷೀನು ತಂದು, ಮಡಚೋರನ್ನ ಬಿಡಿಸಬೇಕಾಗುತ್ತೆ."

ಮಡಚುವವಳು ತಂಗಿ. ಆ ರಾತ್ರಿ ಹಬೆಯಕ್ಕ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ತಂಗಿಯೇ ಕೇಳಿ ಬಾಯಿ ಬಿಡಿಸಿದಳು.

"ಹೋಗೋದು ನನ್ನ ಕೆಲಸ ತಾನೇ? ನಾನೇ ಹೇಳ್ತೀನಿ ಕೇಳು. ಇದ್ದದ್ದು ಇದ್ದಂಗೆ ಹೇಳಿ ಬಾ. ನನ್ನ ನೆಪ ಮಾಡ್ಕೊಂಡು ಸುಮ್ನಿದ್ರೆ ನಿನ್ನ ಹತ್ರ ಮಾತು ಬಿಡ್ತೀನಿ."

"ನೀನು ಮಾತು ಬಿಡೋದು ಆಗೋ ಹೋಗೋ ಮಾತಾ?" ಎಂದು ಅಕ್ಕ ನಕ್ಕುಬಿಟ್ಟರು.

ಸಭೆಯಲ್ಲಿ ಅವರು ಆಡಿದ್ದು ನಾಲ್ಕೇ ಮಾತು. "ನಾನು ಸೇರಿದಾಗ ಒಂದು ಸಂಬಳಕ್ಕೆ ಮೂರು ಹೊಟ್ಟೆ ತುಂಬಿ, ತಂಗಿ ಓದು ಮುಗಿಸಿದ್ಲು. ಈಗ ಇಬ್ರು ದುಡೀತೀವಿ, ಅದ್ರಲ್ಲಿ ನಾನು ಎರಡು ಕಡೆ. ಕೆಲಸ ಅದೇ, ಕೈ ಅದೇ. ಆವತ್ತು ಸಾಕಾಗ್ತಿದ್ದದ್ದು ಇವತ್ತು ಯಾಕೆ ಸಾಲ್ತಿಲ್ಲ ಅಂತ ನೀವು ಓದಿದೋರು ಹೇಳಿ." ಎರಡನೇ ಸಾಲಿನಲ್ಲಿ ಕೂತಿದ್ದ ಚಿಕ್ಕ ಯಜಮಾನ ತಲೆ ತಗ್ಗಿಸಿದ.

ಸಂಬಳ ಏರಿತು, ಕೇಳಿದಷ್ಟಲ್ಲ. ಮಷೀನೂ ಬಂತು. ತಂಗಿಯ ಕೆಲಸ ಹೋಯಿತು. ಎರಡು ತಿಂಗಳು ಅಲೆದ ಮೇಲೆ ಅವಳಿಗೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಜಾಗ ಸಿಕ್ಕಿತು, ಏರಿದ ಹೊಸ ಸಂಬಳಕ್ಕೇ. ಆ ಎರಡು ತಿಂಗಳು ಚಿಕ್ಕ ಯಜಮಾನ ಹಬೆಯಕ್ಕನ ಮುಖ ನೋಡಿ ಮಾತಾಡಲಿಲ್ಲ. ಈಗ ಮತ್ತೆ 'ಅಕ್ಕಾ' ಅನ್ನುತ್ತಾನೆ. "ಅವನೂ ಕೆಟ್ಟೋನಲ್ಲ. ಆದ್ರೆ ಅವನ ಸಾಲಾನ ನಮ್ಮ ಹೊಟ್ಟೆ ಯಾಕೆ ತೀರಿಸ್ಬೇಕು?"

ಸಂಜೆಯ ಕೆಲಸವನ್ನು ಹಬೆಯಕ್ಕ ಬಿಟ್ಟಿದ್ದಾರೆ. ಐದಕ್ಕೆಲ್ಲ ಮನೆಯ ಮೆಟ್ಟಿಲ ಮೇಲೆ ಕೂತು ತಂಗಿಯ ದಾರಿ ಕಾಯುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಬೀದಿಯ ತುದಿಯತ್ತಲೇ ನೋಡುತ್ತಾ ಹೇಳುತ್ತಾರೆ:

"ಸಂಜೆ ಬಿಸಿಲು ಈ ಗೋಡೆ ಮೇಲೆ ಬೀಳುತ್ತೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ಇನ್ನೊಂದಷ್ಟು ವರ್ಷ ಹೀಗೇ ನೋಡ್ಕೊಂಡು ಕೂತ್ರೆ ಸಾಕು."