ರಾಮಲಿಂಗಣ್ಣನ ಏಳು ತಟ್ಟು

ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಆ ಕಿಟಕಿ ಎಷ್ಟು ಸಲ ಉಪಯೋಗಕ್ಕೆ ಬಂತೆಂದು ಬರೆದರೆ ನೀವು ಊಟ ಬಿಡುತ್ತೀರಿ. ಪಕ್ಕದಲ್ಲಿ ಗೆಳೆಯ ಸುಹಾಸ ಕಲ್ಲಿನ ಬಸವಣ್ಣನ ಹಾಗೆ ಕೂತಿದ್ದ. ಕೊಯಮತ್ತೂರಿನ ರಾಮಲಿಂಗಂ ಎಂಬ ರಾಕ್ ಗಿಟಾರ್ ವಾದಕರ ಬದುಕಿನ ಮೇಲೆ ಅವನು ಎರಡು ವರ್ಷದಿಂದ ಸಾಕ್ಷ್ಯಚಿತ್ರ ಮಾಡುತ್ತಿದ್ದಾನೆ. ಅವರು ತೀರಿಕೊಂಡು ನಾಲ್ಕು ವರ್ಷ. ಅವರ ಪತ್ರಗಳನ್ನು ಅವರದೇ ದನಿಯಲ್ಲಿ ಓದಲು ಒಬ್ಬ ಮಿಮಿಕ್ರಿಯವನು ಬೇಕಿತ್ತು. ಮದುವೆಮನೆಗಳಲ್ಲಿ ಮಂತ್ರಿಗಳ ಹಾಗೆ ಕೆಮ್ಮಿ ಹೊಟ್ಟೆ ಹೊರೆಯುವ ನಾನು ಸಿಕ್ಕಿದೆ.

ಚಿತ್ರ ಅರ್ಧಕ್ಕೆ ನಿಂತಿತ್ತು. ರಾಮಲಿಂಗಂ ಬೆಳೆದದ್ದು ಪಲ್ಲಡಂ ಹತ್ತಿರದ ಕನ್ನಡ ಮನೆಮಾತಿನ ನೇಕಾರರ ಮನೆಯಲ್ಲಿ. ಆ ದಿನಗಳನ್ನು ಬಲ್ಲವರು ಅಕ್ಕ ಸೌಡಮ್ಮ ಒಬ್ಬರೇ. ಅವರು ಫೋನಿನಲ್ಲಿ ಮೂರು ಸಲ 'ಆಗಲ್ಲ' ಅಂದಿದ್ದರು. ಅವರು ಬಾಯಿ ಬಿಡದಿದ್ದರೆ ಚಿತ್ರವೇ ಇಲ್ಲ.

ಮಧ್ಯಾಹ್ನ ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಇಳಿದಾಗ ರಸ್ತೆ ಕಾದ ಕಾವಲಿಯಂತಿತ್ತು. ರಾಮಲಿಂಗಂ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಷಣ್ಮುಗಂ ಈಗ ಅಲ್ಲಿ ಪಂಪಿನ ವರ್ಕ್‌ಶಾಪ್ ಇಟ್ಟಿದ್ದಾರೆ. ಅವರದೂ ಮನೆಮಾತು ಕನ್ನಡವೇ.

"ಡ್ರಮ್ಮು ಮಾರಿ ಲೇತ್ ತಗೊಂಡೆ ತಂಬಿ. ಇದೂ ಸದ್ದು ಮಾಡುತ್ತೆ. ಆದ್ರೆ ಇದುಕ್ಕೆ ಕಾಸು ಕೊಡ್ತಾರೆ" ಅಂದರು.

ಎಣ್ಣೆ ಕೈಯನ್ನು ಒರೆಸಿಕೊಂಡು ಫೋನಿನಲ್ಲಿ ಒಂದು ಹಾಡು ಹಾಕಿದರು. ಹೊರಟು, ದಾರಿ ತಪ್ಪಿ, ಇನ್ನೆಲ್ಲೋ ಚಹಾ ಕುಡಿದು ವಾಪಸು ಬರುವ ಜಾತಿಯ ಸಂಗೀತ. ಶುರುವಿನಲ್ಲಿ ಗಿಟಾರಿನ ಮರದ ಮೇಲೆ ಬರೀ ಏಳು ತಟ್ಟು: ಮೂರು, ಎರಡು, ಎರಡು.

"ಇದೇನು ಲೆಕ್ಕ?" ಎಂದೆ.

"ಎಷ್ಟೋ ಸಲ ಕೇಳಿದೆ. ನಕ್ಕ, ಅಷ್ಟೇ. ಆ ಕಾಲ ಅಂಗಿತ್ತು ತಂಬಿ, ಕೇಳ್ದೇನೇ ಬಾರಿಸ್ತಿದ್ವಿ." ಅವರ ಬೆರಳುಗಳು ಲೇತಿನ ಮೇಲೆ ಆಡುತ್ತಲೇ ಇದ್ದವು. ಹಾಡನ್ನು ಸುಹಾಸನ ಫೋನಿಗೂ ಕಳಿಸಿದರು.

ಮರುದಿನ ಕೊಯಮತ್ತೂರಿನದೇ ಸಿಂಗಾನಲ್ಲೂರು ನಿಲ್ದಾಣದಿಂದ ಪಲ್ಲಡಂಗೆ ಬಸ್ಸು, ಮೂವತ್ತು ಚಿಲ್ಲರೆ ರೂಪಾಯಿ. ಅಲ್ಲಿಂದ ಆಟೊ. ಒಣ ಗಾಳಿ, ದೂರದಲ್ಲಿ ಗಾಳಿಯಂತ್ರಗಳು ಸೋಮಾರಿಗಳ ಹಾಗೆ ತಿರುಗುತ್ತಿದ್ದವು. ಬೀದಿ ಶುರುವಾಗುವ ಮೊದಲೇ ಮಗ್ಗಗಳ ಸದ್ದು ಶುರುವಾಯಿತು.

ಸೌಡಮ್ಮನಿಗೆ ಎಪ್ಪತ್ತು ದಾಟಿದೆ. ಎರಡೂ ಕಿವಿಗೆ ಹತ್ತಿ. ಒಂದನ್ನು ತೆಗೆದು, ಮಗ್ಗಗಳ ಮೋಟಾರು ನಿಲ್ಲಿಸಿ, ಮಜ್ಜಿಗೆ ಕೊಟ್ಟರು. "ಕುಡ್ದು ಬಸ್ ಹತ್ತಿ ಕಣ್ಣು." ಆ ಕಡೆ 'ಕಣ್ಣು' ಅಂದರೆ ನಮ್ಮ 'ಮಗಾ' ಅಂದ ಹಾಗೆ.

"ಇವನ ದನಿ ಒಂದ್ಸಲ ಕೇಳಿ ಅಮ್ಮಾ" ಎಂದ ಸುಹಾಸ ನನ್ನನ್ನು ಮುಂದಕ್ಕೆ ತಳ್ಳಿದ.

ವೇದಿಕೆಯ ಮೇಲೆ ರಾಮಲಿಂಗಂ ಎಳೆದೆಳೆದು ಮಾತಾಡುತ್ತಿದ್ದ ಹಾಗೆ ನಾಲ್ಕು ಮಾತಾಡಿದೆ. ಅವರು ನನ್ನ ಮುಖ ನೋಡಿದರು. "ಏನ್ ಕಣ್ಣು, ಹಲ್ಲುನೋವಾ?"

ಮಗ್ಗದ ಮುಂದಿದ್ದ ಇಬ್ಬರು ಹೆಂಗಸರು ಬಿದ್ದುಬಿದ್ದು ನಕ್ಕರು. ಸೌಡಮ್ಮ ನಗಲಿಲ್ಲ. "ಹದಿನೆಂಟ್ ವಯಸ್ಸಲ್ಲಿ, ಈ ಸದ್ದು ತಲೆನೋವು ಅಂತ ಹೇಳಿ ಹೋದ. ಮಗ್ಗ ಬೇಡ ಅಂದೋನಿಗೆ ಅಕ್ಕ ಮಾತ್ರ ಯಾಕೆ?" ಮೋಟಾರು ಹಾಕಿಬಿಟ್ಟರು. ನಾಲ್ಕು ಮಗ್ಗಗಳು ಒಟ್ಟಿಗೆ ಹೊಡೆಯತೊಡಗಿದ ಮೇಲೆ ಮಾತಿಗೆ ಜಾಗವೇ ಇಲ್ಲ.

ಸುಹಾಸ ಕೈಸನ್ನೆಯಲ್ಲಿ ಬೇಡಿಕೊಳ್ಳುತ್ತಿದ್ದ. ಸುಮ್ಮನಿರಲಾರದ ಕೈ ನನ್ನದು. ಕೆಳಗೆ ಬಿದ್ದಿದ್ದ ಕಬ್ಬಿಣದ ಸರಳು ಎತ್ತಿಕೊಂಡು ಕಂಬದ ಮೇಲೆ ತಟ್ಟಿದೆ: ಮೂರು, ಎರಡು, ಎರಡು.

ನಾಲ್ಕೂ ಮಗ್ಗ ನಿಂತವು. ಹೆಂಗಸರು ಬಗ್ಗಿ, "ಎಲ್ಲಿ, ಎಲ್ಲಿ ಹರ್ದೋಯ್ತು?" ಎಂದು ನೂಲು ಹುಡುಕತೊಡಗಿದರು. ಸೌಡಮ್ಮ ನೂಲು ನೋಡಲಿಲ್ಲ, ನನ್ನನ್ನು ನೋಡಿದರು.

"ಯಾರ್ ಹೇಳ್ಕೊಟ್ಟಿದ್ದು?"

"ರಾಮಲಿಂಗಣ್ಣನ ಹಾಡು ಅಮ್ಮಾ. ಹಿಂಗೇ ಶುರುವಾಗೋದು."

"ಅದು ಹಾಡಲ್ಲ. ನಮ್ಮಪ್ಪ ಇಟ್ಟ ಲೆಕ್ಕ. ಇಲ್ಲಿ ಕೂಗಿದ್ರೆ ಕೇಳ್ಸಲ್ಲ. ನೂಲ್ ಹರಿದ್ರೆ ಹಿಂಗ್ ತಟ್ಟಬೇಕು, ಎಲ್ಲಾರೂ ನಿಲ್ಲಿಸ್ಬೇಕು. ನಮ್ಮನೇಲಿ ಬಿಟ್ರೆ ಬೇರೆಲ್ಲೂ ಇಲ್ಲ." ಸರಳನ್ನು ನನ್ನ ಕೈಯಿಂದ ತೆಗೆದುಕೊಂಡು, "ತಟ್ಟೋ ಕೆಲಸ ಅವನ್ದೇ ಆಗಿತ್ತು" ಅಂದರು.

ಸುಹಾಸ ಹಾಡು ಹಾಕಿದ. ಏಳು ತಟ್ಟು ಮುಗಿದು ಗಿಟಾರು ಏಳುತ್ತಿದ್ದ ಹಾಗೆ ಸೌಡಮ್ಮ ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದರು.

"ಊರ್‌ಊರಲ್ಲಿ ನಿಂತು ನಮ್ಮನೆ ನೂಲ್ ಹರೀತು ಅಂತ ಸಾರಿದಾನಾ, ಪಾಪಿ! ಎಷ್ಟೊತ್ತು ಇದು?"

"ಇಪ್ಪತ್ತೆರಡು ನಿಮಿಷ."

"ಫೋನ್ ಇಲ್ಲೇ ಇಟ್ಟು ಎಲ್ಲಾರೂ ಹೊರಗೋಗಿ. ನಾಳೆ ಕ್ಯಾಮೆರಾ ತನ್ನಿ, ನಾನೇ ಹೇಳ್ತೀನಿ. ಇವನ್ ಬಾಯ್ ಮಾತ್ರ ಬಿಡಿಸ್ಬೇಡಿ."

ಹೀಗೆ ಚಿತ್ರ ಉಳಿಯಿತು, ನನ್ನ ಕೆಲಸ ಹೋಯಿತು. ಬೀದಿಯ ತುದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ತಿರುಗಿ ನೋಡಿದೆವು. ಬಾಗಿಲು ಮುಚ್ಚಿತ್ತು.

"ಸೌಡಮ್ಮನ ಮನೇಲಿ ಕರೆಂಟ್ ಇಲ್ವಾ? ಸದ್ದೇ ಇಲ್ಲ" ಅಂದ ಅಂಗಡಿಯವ.

ಗಡಿಯಾರ ನೋಡಿದೆ. ನಾವು ಹೊರಬಂದು ನಲವತ್ತು ನಿಮಿಷವಾಗಿತ್ತು. ಹಾಡು ಎರಡನೇ ಸಲ ನಡೆಯುತ್ತಿರಬೇಕು. ಇನ್ನೆರಡು ಚಹಾ ಹೇಳಿದೆವು.