ತತ್ತಿ ಬೇಯಿಸಲು ಒಂದು ಒಲೆ

ಕೊರೊನಾ ತಣ್ಣಗಾದ ಮರುವರ್ಷದ ಬೇಸಿಗೆ. ನಾನಾಗ ಧಾರವಾಡದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಡಯಟಿಷಿಯನ್ ಆಗಿದ್ದೆ. ರೋಗಿ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವ ಕೆಲಸ. ಡಾಕ್ಟರು ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗುವ ಜನ ನಾವು ಹೇಳಿದ ಊಟವನ್ನು ನಕ್ಕು ಬದಿಗಿಡುತ್ತಾರೆ. ವರ್ಷಗಟ್ಟಲೆ ಆ ನಗುವನ್ನು ನೋಡಿ ನೋಡಿ ನನ್ನ ನಾಲಗೆ ಹರಿತವಾಗಿದೆ. ನಿವೃತ್ತಿಯಾದ ಮೇಲೂ ಅದೇನೂ ಮೊಂಡಾಗಿಲ್ಲ.

ಬೆಳಗ್ಗೆ ಧಾರವಾಡದ ಮೈದಾನಗಳ ಕಡೆ ಹೋದರೆ ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಬಂದು, ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿದ್ದು, ಹಗಲು ಕೋಚಿಂಗ್, ಬೆಳಗ್ಗೆ ಓಟ. ಓಟದ ಜೊತೆಗೆ ಇನ್ನೊಂದು ವ್ರತವಿದೆ: ಹಸಿ ಮೊಟ್ಟೆ. ಹಾಲಿಗೆ ಒಡೆದು ಹಾಕಿ, ಉಸಿರು ಹಿಡಿದು, ಗಟಗಟ ಕುಡಿಯುವುದು. ಗರಡಿಮನೆಯಿಂದ ಬಂದ ಈ ಪದ್ಧತಿ ಈಗ ಕೋಚಿಂಗ್ ಕೇಂದ್ರಗಳ ಗುರುಮಂತ್ರವಾಗಿದೆ.

ಒಂದು ಸೋಮವಾರ ಒಂದೇ ಪಿಜಿಯ ಐದು ಹುಡುಗಿಯರು ನಮ್ಮ ಆಸ್ಪತ್ರೆಗೆ ಬಂದರು. ವಾಂತಿ, ಭೇದಿ, ಮೈಸುಡುವ ಜ್ವರ. ನಾಲ್ವರು ಸಲೈನ್ ಏರಿಸಿದ ಮೇಲೆ ಚೇತರಿಸಿಕೊಂಡರು. ಅಮ್ಮಿನಬಾವಿಯ ಶೈಲಾಳಿಗೆ ಮಾತ್ರ ಜ್ವರ ಇಳಿಯಲೊಲ್ಲದು. ಒಕ್ಕಲುತನದ ಲಿಂಗಾಯತ ಮನೆತನದ ಹುಡುಗಿ, ಎತ್ತರದ ಆಳು. ಇನ್ನು ಮೂರು ವಾರಕ್ಕೆ ಅವಳ ದೈಹಿಕ ಪರೀಕ್ಷೆ. ವಯೋಮಿತಿ ಮುಗಿಯುತ್ತಿದ್ದುದರಿಂದ ಅದೇ ಕೊನೆಯ ಅವಕಾಶ. ಅದು ತಪ್ಪಿದರೆ ಊರಿಗೆ ಹೋಗಿ, ಹೇಳಿದ ಗಂಡಿಗೆ ಕೊರಳೊಡ್ಡುವುದೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

ಏನು ತಿಂದಿರಿ ಎಂದರೆ ಐವರದೂ ಒಂದೇ ಉತ್ತರ.

"ಚಪಾತಿ, ಬದನಿಕಾಯಿ ಪಲ್ಯಾರಿ."

ಅದೇ ಊಟ ಉಂಡ ಮನೆಯೊಡತಿ ಗಟ್ಟಿಮುಟ್ಟಾಗಿ ಬಾಗಿಲಲ್ಲೇ ನಿಂತಿದ್ದರು. ಹುಡುಗಿಯರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮಧ್ಯಾಹ್ನ ಶೈಲಾಳ ತಾಯಿ ನೀಲವ್ವ ಊಟಕ್ಕೆ ಕೆಳಗಿಳಿದಾಗ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತೆ. ಸೂರು ನೋಡುತ್ತಲೇ ಹುಡುಗಿ ಬಾಯಿಬಿಟ್ಟಳು.

"ಹಸಿ ತತ್ತಿ ಕುಡದೇವ್ರಿ ಮೇಡಂ."

"ಬೇಯಿಸಿ ತಿನ್ನಾಕ ಏನಾಗಿತ್ತು?"

"ಮನಿ ಆಂಟಿ ಒಲಿಮ್ಯಾಲೆ ತತ್ತಿ ಇಡಾಕ ಬಿಡೂದಿಲ್ರಿ. ಕುದಿಸಿದ್ರ ಆ ಪಾತ್ರಿ ಮತ್ತ ಮುಟ್ಟೂದಿಲ್ಲ. ಆಮ್ಲೇಟ್ ಮಾಡಿದ್ರ ಮನಿ ತುಂಬ ವಾಸನಿ. ಹಸೀದಾದ್ರ ಯಾರಿಗೂ ಗೊತ್ತಾಗೂದಿಲ್ಲ ನೋಡ್ರಿ."

ಇಷ್ಟು ವರ್ಷ ನಾನು ಹಸಿ ಮೊಟ್ಟೆಯನ್ನು ಮೂಢನಂಬಿಕೆ ಎಂದು ಬೈದವಳು. ಈ ಹುಡುಗಿಯರ ಕತೆ ಬೇರೆಯೇ ಇತ್ತು. ಕೋಚ್ ಹಸಿಯೇ ಒಳ್ಳೆಯದು ಎಂದಿದ್ದು ಇವರಿಗೆ ಅನುಕೂಲವಾಯಿತು, ಅಷ್ಟೆ. ಬೆಳಗ್ಗೆ ಮನೆಯೊಡತಿ ಪಡಸಾಲೆಯಲ್ಲಿ ಲಿಂಗಪೂಜೆಗೆ ಕೂತಿರುವಾಗ ಮೊಟ್ಟೆ ಒಡೆಯುವ ಧೈರ್ಯ ಯಾರಿಗಿದೆ? ಹಾಗಾಗಿ ಹಿಂದಿನ ಸಂಜೆ ಅವರು ಪ್ರವಚನಕ್ಕೆ ಹೋದ ಹೊತ್ತು ನೋಡಿ ಅಷ್ಟೂ ಮೊಟ್ಟೆಗಳನ್ನು ಒಂದೇ ತಂಬಿಗೆಗೆ ಒಡೆದು, ಮುಚ್ಚಿ, ಮಂಚದ ಕೆಳಗೆ ಇಡುತ್ತಿದ್ದರು. ಬೆಳಗ್ಗೆ ಹಾಲು ಬೆರೆಸಿ ಪಾಲು ಹಾಕಿಕೊಂಡು ಕುಡಿದು ಮೈದಾನಕ್ಕೆ ಓಡುವುದು. ಸಿಪ್ಪೆ ದಾರಿಯಲ್ಲಿ ಎಲ್ಲೋ ಕಸದ ಡಬ್ಬಿಗೆ.

ಸಾಲ್ಮೊನೆಲ್ಲಾ ಎಂಬ ರೋಗಾಣು ಕೋಳಿಯ ಕರುಳಿನಲ್ಲಿರುತ್ತದೆ. ಮೊಟ್ಟೆಯ ಸಿಪ್ಪೆಗೆ ಅಂಟಿ ಬರಬಹುದು, ಕೆಲವೊಮ್ಮೆ ಒಳಗೇ ಸೇರಿರಬಹುದು. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಒಡೆದಿಟ್ಟ ಮೊಟ್ಟೆಯಲ್ಲಿ, ನಮ್ಮ ಬೇಸಿಗೆಯ ಸೆಕೆಯಲ್ಲಿ, ಒಂದು ರಾತ್ರಿ ಕಳೆದರೆ ಸಂಸಾರ ಹೂಡಿ ಸಾವಿರಗಟ್ಟಲೆ ಬೆಳೆಯುತ್ತದೆ. ಎಲ್ಲ ಒಂದೇ ತಂಬಿಗೆಯಲ್ಲಿದ್ದರೆ ಒಂದು ಮೊಟ್ಟೆಯ ರೋಗ ಎಲ್ಲರ ಪಾಲಿಗೂ ಬರುತ್ತದೆ. ಹಸಿ ಮೊಟ್ಟೆ ಕುಡಿದವರೆಲ್ಲ ಹಾಸಿಗೆ ಹಿಡಿಯುವುದಿಲ್ಲ ಎಂಬುದೂ ನಿಜ. ನೂರು ಸಲ ದಕ್ಕಿಸಿಕೊಂಡವರು ನೂರಾ ಒಂದನೆಯ ಸಲವೂ ದಕ್ಕುತ್ತದೆಂದು ನಂಬಿ ಕೂರುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲಿಯೇ.

ನಾನು ಕೇಸ್ ಶೀಟ್ ಕೈಗೆತ್ತಿಕೊಂಡಾಗ ಶೈಲಾ ನನ್ನ ಮುಂಗೈ ಹಿಡಿದುಕೊಂಡಳು.

"ತತ್ತಿ ಅಂತ ಬರೀಬ್ಯಾಡ್ರಿ. ಅವ್ವಗ ಗೊತ್ತಾದ್ರ ಅಪ್ಪಗ ಗೊತ್ತಾಗ್ತೈತಿ. ನಾಳೇನ ಊರಿಗೆ ಎಳಕೊಂಡು ಹೋಗ್ತಾನ. ಓಡೂದು ಅಲ್ಲೇ ಮುಗೀತು."

"ನಿಮ್ಮವ್ವಗ ನಾ ಹೇಳಂಗಿಲ್ಲ. ಆದ್ರ ಸುಳ್ಳು ಬರಿಯಂಗಿಲ್ಲ" ಎಂದೆ. ಅವಳ ಕಣ್ಣು ತುಂಬಿತು. ನನಗೆ ಸಂಕಟವಾಯಿತು, ಆದರೂ ಬರೆದೆ. ಡಾಕ್ಟರಿಗೆ ಯಾವ ರೋಗಾಣು ಹುಡುಕಬೇಕು ಎಂದು ಗೊತ್ತಾಗಬೇಕಿತ್ತು. ಎರಡು ದಿನದ ಮೇಲೆ ಬಂದ ಮಲ ಪರೀಕ್ಷೆಯ ವರದಿಯಲ್ಲಿ ಸಾಲ್ಮೊನೆಲ್ಲಾ ಇತ್ತು. ಔಷಧಿ ಬದಲಾಯಿತು, ಜ್ವರ ಇಳಿಯಿತು.

ವರದಿಯ ಸುದ್ದಿ ಕೇಳಿ ಹುಡುಗಿಯರ ಕೋಚ್ ಬಂದರು, ಜೊತೆಗೆ ನಮ್ಮ ಆಸ್ಪತ್ರೆಯ ಮ್ಯಾನೇಜರ್. ಕೋಚ್ ಹಳೆಯ ಕುಸ್ತಿಪಟು, ಕಿವಿ ಮುದುಡಿದ ಆಳು. ಅವರ ಅಕಾಡೆಮಿಯ ಮಕ್ಕಳೆಲ್ಲ ಫಿಟ್‌ನೆಸ್ ತಪಾಸಣೆಗೆ ನಮ್ಮಲ್ಲಿಗೇ ಬರುತ್ತಿದ್ದರು. ಮ್ಯಾನೇಜರ್ ಮುಖದಲ್ಲಿ ಅಷ್ಟು ಜೇನು ಸುರಿಯುತ್ತಿದ್ದುದು ಅದಕ್ಕೇ.

"ಹೊರಗ ಪಾನಿಪುರಿ ತಿಂದಾರ ಅಂತ ಬರದಬಿಡ್ರಿ ಮೇಡಂ" ಎಂದರು ಕೋಚ್. "ತತ್ತಿಗ್ಯಾಕ ಹೆಸರು ಕೆಡಸ್ತೀರಿ?"

"ಪಾನಿಪುರಿ ಗಾಡಿಯವನ ಪರವಾಗಿ ಮಾತಾಡಾಕ ಇಲ್ಲಿ ಯಾರೂ ಇಲ್ಲ, ಅದಕ್ಕೇನ್ರಿ?"

"ನಾ ಹತ್ತು ವರ್ಷದವಿದ್ದಾಗಿಂದ ಹಸಿ ತತ್ತಿ ಕುಡದೇನಿ. ಏನಾಗೇತಿ ನನಗ? ಬೇಯಿಸಿದ್ರ ಸತ್ವಾ ಎಲ್ಲಾ ನೀರಾಗ ಹೋಗ್ತೈತಿ."

"ನಿಮ್ಮ ಹಣೇಬರಾ ಛಲೋ ಇತ್ತು, ದಕ್ಕಿತು. ಅದನ್ನ ಈ ಹುಡುಗ್ಯಾರ ಹಣಿಗೂ ಬರಿಯಾಕ ಹೋಗಬ್ಯಾಡ್ರಿ."

ಅವರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಹಸಿ ಮೊಟ್ಟೆಯ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನಷ್ಟೇ ದೇಹ ಹೀರಿಕೊಳ್ಳುತ್ತದೆ. ಬೇಯಿಸಿದ್ದರಲ್ಲಿ ನೂರಕ್ಕೆ ತೊಂಬತ್ತರಷ್ಟು ಮೈಗೆ ಹತ್ತುತ್ತದೆ. ಹಸಿ ಬಿಳಿಭಾಗದಲ್ಲಿ ಅವಿಡಿನ್ ಎಂಬ ವಸ್ತುವಿದೆ. ಅದು ಬಯೋಟಿನ್ ಎಂಬ ಜೀವಸತ್ವವನ್ನು ಕಟ್ಟಿಹಾಕಿ ದೇಹಕ್ಕೆ ಸಿಗದಂತೆ ಮಾಡುತ್ತದೆ. ಬೆಂದರೆ ಆ ಹಿಡಿತ ಸಡಿಲುತ್ತದೆ. ಬೇಯಿಸುವಾಗ ಕೆಲವು ಜೀವಸತ್ವಗಳು ತುಸು ಕಡಿಮೆಯಾಗುವುದು ಹೌದು. ಅಷ್ಟಕ್ಕಾಗಿ ಅರ್ಧ ಪ್ರೋಟೀನನ್ನು ಪಾಯಖಾನೆಗೆ ಕಳಿಸುವುದು ಯಾವ ಜಾಣತನ? ಮ್ಯಾನೇಜರ್ ಕೆಮ್ಮಿದರು. ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಿರಿ, ಕೇಸ್ ಶೀಟಿನ ಅಕ್ಷರ ಮಾತ್ರ ತೆಗೆಯಲಾರಿರಿ ಎಂದು ಅವರಿಗೂ ಹೇಳಿದೆ.

ಕೋಚ್ ಸೋಲುವ ಪೈಕಿ ಅಲ್ಲ. ನೇರ ವಾರ್ಡಿಗೆ ಹೋಗಿ ನೀಲವ್ವನ ಮುಂದೆ ನಿಂತರು. ನಾನು ಬೆನ್ನಿಗೇ ಹೋದೆ.

"ನಿಮ್ಮ ಮಗಳು ಮಾತ್ ಕೇಳಂಗಿಲ್ರಿ ಯವ್ವಾ. ಬ್ಯಾಡಂದ್ರೂ ಪಾನಿಪುರಿ ತಿಂದು ಇಲ್ಲಿ ಬಂದು ಬಿದ್ದಾಳ."

ಶೈಲಾ ಸಲೈನಿನ ಕೈಯನ್ನೇ ಊರಿ ಎದ್ದು ಕೂತಳು. ತುಟಿ ಒಣಗಿತ್ತು, ಆದರೆ ಆಡಿದ್ದು ವಾರ್ಡಿನ ಆ ತುದಿಯವರಿಗೂ ಕೇಳಿಸಿತು.

"ಪಾನಿಪುರಿ ಅಲ್ಲವ್ವಾ. ತತ್ತಿ ಕುಡದೇನಿ. ಹಸಿ ತತ್ತಿ. ಇವ್ರ ಹೇಳಿದ್ರು, ನಾನೂ ಒಪ್ಪಿ ಕುಡದೇನಿ. ಓಡಾಕ ತ್ರಾಣ ಬೇಕಾಗಿತ್ತು. ಈಗ ಮನಿಗೆ ಕರ್ಕೊಂಡು ಹೋಗೂದಿದ್ರ ಹೋಗು."

ನೀಲವ್ವ ತಂದಿದ್ದ ಬುತ್ತಿಯ ಡಬ್ಬಿಯನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಕೋಚ್ ನಿಂತು ನಿಂತು ಸಾಕಾಗಿ ಹೊರಟುಹೋದರು. ಸಂಜೆ ನೀಲವ್ವ ನನ್ನ ಕೋಣೆಯ ಬಾಗಿಲಿಗೆ ಬಂದಾಗ, ಡಿಸ್ಚಾರ್ಜ್ ಕೇಳುತ್ತಾರೆ, ಹುಡುಗಿಯ ಓಟ ಮುಗಿಯಿತು ಎಂದುಕೊಂಡೆ.

"ಬಾಯಾರ, ಅದನ್ನ ಬೇಯಿಸಿದ್ರ ಹಿಂಗ ಆಗೂದಿಲ್ಲೇನ್ರಿ?"

"ಹಳದಿ ಗಟ್ಟಿ ಆಗೂಮಟಾ ಬೇಯಿಸಿದ್ರ ಏನೂ ಆಗೂದಿಲ್ರಿ."

"ಹಂಗಾರ ಆ ಮನಿಯಾಕಿ ಕಡೆ ನಡೀರಿ. ಅವರಪ್ಪಗ ನಾ ಹೇಳ್ಕೋತೇನಿ."

ಇಬ್ಬರೂ ಆಟೋ ಹತ್ತಿ ಸಪ್ತಾಪುರಕ್ಕೆ ಹೋದೆವು. ವಿಷಯ ಕೇಳಿ ಮನೆಯೊಡತಿ ಬಾಗಿಲಿಗೆ ಅಡ್ಡವಾಗಿಯೇ ನಿಂತರು. ನಮ್ಮ ಮನೆಯಲ್ಲಿ ಇದು ಆಗದ ಮಾತು ಎಂದರು. ಅವರ ಅಡುಗೆಮನೆ ಅವರದು, ಅದರ ಬಗ್ಗೆ ನನಗೆ ತಕರಾರಿರಲಿಲ್ಲ. ಆದರೆ ಬಾಡಿಗೆ ಕೊಟ್ಟ ಕೋಣೆಯ ಹುಡುಗಿಯರ ಹೊಟ್ಟೆಯೂ ಅವರದೇ?

"ಕದ್ದು ಕುಡದು ಸಾಯಾಕ ಬಿದ್ರ ನಡೀತೈತಿ, ಬೇಯಿಸಿ ತಿಂದ್ರ ನಡಿಯೂದಿಲ್ಲೇನ್ರಿ?" ಎಂದು ಕೇಳಿದೆ.

ನೀಲವ್ವ ನನ್ನನ್ನು ಪಕ್ಕಕ್ಕೆ ಸರಿಸಿದರು. "ಅಕ್ಕಾರ, ನಾನೂ ಲಿಂಗಾ ಕಟ್ಟಿದಾಕಿನ. ನಮ್ಮ ಮನ್ಯಾಗೂ ತತ್ತಿ ಹೊಕ್ಕಿಲ್ಲ. ನಿಮ್ಮ ಒಲಿ ಬ್ಯಾಡ, ನಿಮ್ಮ ಪಾತ್ರಿ ಬ್ಯಾಡ. ಮಾಳಿಗಿ ಮ್ಯಾಲೆ ಒಂದ ಮೂಲಿ ಕೊಡ್ರಿ. ಇಲ್ಲಂದ್ರ ನಾಳಿಗೆ ಐದೂ ಹುಡುಗ್ಯಾರಿಗೆ ಬ್ಯಾರೆ ಮನಿ ನೋಡ್ತೇನಿ."

ಮಾಳಿಗೆ ಸಿಕ್ಕಿತು. "ಕೆಳಗ ತರಬ್ಯಾಡ್ರಿ" ಎಂಬ ಷರತ್ತಿನೊಂದಿಗೆ.

ನಾಲ್ಕು ದಿನದ ಮೇಲೆ, ಶೈಲಾ ಡಿಸ್ಚಾರ್ಜ್ ಆಗಿ ಪಿಜಿಗೆ ಮರಳಿದ್ದಾಗ, ನೋಡಹೋದರೆ ನೀಲವ್ವ ಮಾಳಿಗೆಯ ಮೇಲೆ ಸಣ್ಣದೊಂದು ಗ್ಯಾಸ್ ಒಲೆಯ ಮುಂದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದರು. ಮೊಟ್ಟೆ ಸುಲಿಯಲು ಬಾರದೆ ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತುಬರುತ್ತಿತ್ತು. "ಏನ್ ಹೊಲಸ ನಾತರಿ ಇದಕ್ಕ! ಹೆಂಗ ತಿಂತಾರೋ ಏನೋ" ಎಂದು ಬೈಯುತ್ತಲೇ ಮಗಳ ತಟ್ಟೆಗೆ ಎರಡು ಇಟ್ಟರು. ತಣ್ಣೀರಿನಲ್ಲಿ ಹಾಕಿ ಸುಲಿಯಿರಿ ಎಂದೆ. ಇಪ್ಪತ್ತೆಂಟು ವರ್ಷದ ವೃತ್ತಿಯಲ್ಲಿ ನನ್ನ ಮಾತನ್ನು ಅಷ್ಟು ಲಗುಬಗೆಯಿಂದ ಕೇಳಿದವರು ಇನ್ನೊಬ್ಬರಿಲ್ಲ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಶೈಲಾ ಮೊದಲು ನಡೆದಳು, ಆಮೇಲೆ ಓಡಿದಳು. ಪರೀಕ್ಷೆಯ ದಿನ ನಾನೂರು ಮೀಟರನ್ನು ಕೊಟ್ಟ ಸಮಯದೊಳಗೆ, ಎಲ್ಲರಿಗಿಂತ ಹಿಂದೆ, ಕೂದಲೆಳೆಯಲ್ಲಿ ಮುಗಿಸಿದಳು. ಗೆರೆ ದಾಟಿ ಮಣ್ಣಿನ ಮೇಲೆ ಕೂತುಬಿಟ್ಟಳಂತೆ. ಅಕಾಡೆಮಿಯವರು ತಪಾಸಣೆಗೆ ಬೇರೆ ಆಸ್ಪತ್ರೆ ಹುಡುಕಿಕೊಂಡರು. ಮ್ಯಾನೇಜರ್ ನಾನು ನಿವೃತ್ತಿಯಾಗುವವರೆಗೂ ಮುಖ ಊದಿಸಿಕೊಂಡೇ ಇದ್ದರು. ಊದಿಸಿಕೊಳ್ಳಲಿ.

ಆ ಪ್ರಕರಣದ ನಂತರ ರೋಗಿಗೆ ಏನು ತಿಂದಿರಿ ಎಂದು ಕೇಳಿದ ಮೇಲೆ ನಾನು ಸುಮ್ಮನಾಗಲಿಲ್ಲ. ಯಾರಿಗೆ ಹೆದರಿ ತಿಂದಿರಿ ಎಂದೂ ಕೇಳಿದೆ. ಬಚ್ಚಿಟ್ಟು ತಿನ್ನುವ ಅನ್ನವನ್ನು ಯಾರೂ ಸರಿಯಾಗಿ ತೊಳೆಯುವುದಿಲ್ಲ, ಬೇಯಿಸುವುದಿಲ್ಲ, ತಣ್ಣಗಿಡುವುದಿಲ್ಲ. ಕೋಳಿಯ ಕರುಳಿನ ರೋಗಾಣುವಿಗೆ ಔಷಧಿ ಇದೆ, ಈ ಹೆದರಿಕೆಗೆ ಆಸ್ಪತ್ರೆಯಲ್ಲಿ ಔಷಧಿ ಇಲ್ಲ.

ಶೈಲಾ ಆಯ್ಕೆಯಾಗಿ ಪೊಲೀಸ್ ಟ್ರೇನಿಂಗಿಗೆ ಹೋದ ಮೇಲೆ ನೀಲವ್ವ ಒಮ್ಮೆ ಬಂದಿದ್ದರು. ಊರಲ್ಲಿ ಓಣಿಯ ಹಿರಿಯರೊಬ್ಬರು ತಡೆದು, ನಿಮ್ಮ ಮಗಳು ತತ್ತಿ ತಿನ್ನುತ್ತಾಳಂತಲ್ಲ ಎಂದು ಕೇಳಿದರಂತೆ. ನೀವೇನು ಹೇಳಿದಿರಿ ಎಂದೆ.

"ತಿಂತಾಳ, ನಾನ ಬೇಯಿಸಿ ಕೊಟ್ಟೇನಿ, ಮತ್ತೇನರ ಕೇಳೂದೈತೇನು ಅಂದ್ನಿರಿ."